ಎರಡು ಸೊನ್ನೆಗಳ ನಡುವೆ ಒಂದು ನೀಲಿ ವೈರು

"ಉಸಿರು ಬಿಡಬೇಡ ಪುಟ್ಟಿ," ಅಂದರು ಮಾವ. "ಈ ಧೂಳು ಹಾರಿದರೆ ಸಾಕ್ಷಿಯೂ ಹಾರಿಹೋಗುತ್ತೆ."

ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಗ್ಗಿ ನೋಡಿದಳು. ಠಾಣೆಯಲ್ಲಿ ಹತ್ತು ಜನ ಎದ್ದು ನಿಂತು ಸೆಲ್ಯೂಟ್ ಹೊಡೆಯುವ ನಲವತ್ತರ ಹೆಂಗಸು, ಸೋದರಮಾವನ ಬಾಯಲ್ಲಿ ಮಾತ್ರ ಇವತ್ತಿಗೂ ಪುಟ್ಟಿ.

ಬಟ್ಟೆ ಒಗೆಯುವ ಆ ದೊಡ್ಡ ಕಾರ್ಖಾನೆಗೆ ಅವತ್ತು ವಾರದ ರಜೆ. ಬೆಳಗ್ಗೆ ಹನ್ನೊಂದರ ಬಿಸಿಲು ಚಾವಣಿಯ ಗಾಜಿನಿಂದ ಇಳಿದು ಪ್ಯಾನಲ್ ಕೋಣೆಯ ಬಾಗಿಲವರೆಗೂ ಬಂದಿತ್ತು. ಕಬ್ಬಿಣದ ಬೀರುವಿನಷ್ಟೆತ್ತರದ ಪ್ಯಾನಲ್ ಒಳಗೆ ನೂರಾರು ವೈರು. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳಿಂದ ಎದ್ದ ಬಿಳಿ ನೂಲಿನ ಧೂಳು ಎಲ್ಲದರ ಮೇಲೂ ಹಿಟ್ಟು ಜರಡಿ ಹಿಡಿದಂತೆ ಕೂತಿತ್ತು.

"ಎಲ್ಲಾ ಸ್ಕ್ರೂ ತಲೆ ಮೇಲೂ ಧೂಳಿದೆ, ಎರಡನ್ನ ಬಿಟ್ಟು." ಮಾವ ಬೆರಳು ತಾಗಿಸದೆ ತೋರಿಸಿದರು. "ಇದು, ಮತ್ತೆ ಇದು. ಎರಡರ ಮೇಲೂ ಸ್ಕ್ರೂಡ್ರೈವರಿನ ಹೊಸ ಗೀರು. ಈಗ ನಡುವಿನ ನೀಲಿ ವೈರು ನೋಡು."

ಗೇಣುದ್ದದ ವೈರು. ಉಳಿದವೆಲ್ಲ ನೆಟ್ಟಗೆ ಬಾಚಿದ ಕೂದಲಿನ ಹಾಗಿದ್ದರೆ, ಇದರಲ್ಲಿ ಮಾತ್ರ ಮೂರು ಕಡೆ ಗಟ್ಟಿ ಮಡಿಕೆ.

"ಹೊಸದಾ?"

"ಹಳೇದೇ, ಬಣ್ಣ ನೋಡಿದರೆ ಗೊತ್ತಾಗಲ್ವಾ? ಯಾರೋ ಬಿಚ್ಚಿದ್ದಾರೆ, ಮಡಿಸಿ ಎಲ್ಲೋ ಇಟ್ಕೊಂಡಿದ್ದಾರೆ, ಆಮೇಲೆ ವಾಪಸ್ ಹಾಕಿದ್ದಾರೆ. ಅದೂ ಈಚೆಗೆ. ತಿಂಗಳಾಗಿದ್ದರೆ ಧೂಳು ಮತ್ತೆ ಕೂತಿರ್ತಿತ್ತು."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ದಿನ ಎಣಿಸಿದಳು.

ಹನ್ನೊಂದು ದಿನದ ಹಿಂದೆ ಇದೇ ಕಾರ್ಖಾನೆಯ ಫಿಟ್ಟರ್ 'ತೊಟ್ಟಿಲಿ'ಗೆ ಸಿಕ್ಕಿ ಸತ್ತಿದ್ದ, ಗುಂಡಿ ಒತ್ತಿದವಳು ಅವನ ಒಡಹುಟ್ಟಿದ ತಂಗಿ.

ತೊಟ್ಟಿಲು ಅಂದರೆ ಎದೆಮಟ್ಟದ ಹಳಿ ಮೇಲೆ ಓಡುವ ಬಂಡಿ. ಒಗೆದ ಒದ್ದೆ ಬಟ್ಟೆಯನ್ನು ಒಂದೊಂದು ಸಲಕ್ಕೆ ಒಂದೊಂದು ಕ್ವಿಂಟಾಲು ಹೊತ್ತು ಒಣಗಿಸುವ ಯಂತ್ರಗಳಿಗೆ ಸುರಿಯುತ್ತದೆ. ಅದು ಓಡುವ ಓಣಿಗೆ ಬಾಗಿಲಿಲ್ಲ. ನೆಲದ ತುಂಬ ಕಪ್ಪು ರಬ್ಬರ್ ಚಾಪೆ ಹಾಸಿದೆ. ಚಾಪೆ ಮೇಲೆ ಯಾರಾದರೂ ಕಾಲಿಟ್ಟರೆ ಓಣಿಯ ಗೋಡೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಗುಂಡಿ ಒತ್ತುವವರ ಪರದೆಯಲ್ಲಿ 'ಒಳಗೆ ವ್ಯಕ್ತಿ' ಅಂತ ಬರುತ್ತದೆ. ಆಮೇಲೆ ಗುಂಡಿ ಒತ್ತಿದರೂ ತೊಟ್ಟಿಲು ಅಲುಗುವುದಿಲ್ಲ.

ತಂಗಿ ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು: "ಪರದೆ ಹಸಿರಾಗಿತ್ತು. ಯಾರೂ ಇಲ್ಲ ಅಂತ ತೋರಿಸ್ತು. ಅದಕ್ಕೇ ಓಣಿ ಕಡೆ ತಿರುಗಿಯೂ ನೋಡದೆ ಒತ್ತಿದೆ."

ಆದರೆ ಹೆಣ ಸಿಕ್ಕಾಗ ಗೋಡೆಯ ದೀಪ ಉರಿಯುತ್ತಿತ್ತು. ನೋಡಿದವರು ಏಳು ಜನ. ಮರುದಿನ ತಜ್ಞರು ಬಂದು ಚಾಪೆ ತುಳಿದಾಗ ದೀಪವೂ ಹತ್ತಿತು, ಪರದೆಯೂ ಕೆಂಪಾಯಿತು. ಯಂತ್ರ ಸರಿಯಿದೆ, ಹುಡುಗಿಯೇ ಸುಳ್ಳು ಹೇಳುತ್ತಿದ್ದಾಳೆ ಅಂತಾಯಿತು. ಏನೋ ಕಳ್ಳದಾರಿಯಿಂದ ಯಂತ್ರವನ್ನು ಓಡಿಸಿದ್ದಾಳೆ ಅಂತ ವರದಿ ಬರೆದರು. ಅವತ್ತು ಬೆಳಗ್ಗೆ ಅಣ್ಣ ತಂಗಿ ಜಗಳವಾಡಿದ್ದನ್ನೂ ಎಲ್ಲರೂ ಕೇಳಿದ್ದರು.

ಅದಕ್ಕಿಂತ ಭಾರವಾದದ್ದು ಹೆತ್ತ ತಾಯಿಯ ಹೇಳಿಕೆ. ಅದೇ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವ ಹೆಂಗಸು ಆಕೆ. "ನಾನು ಮಡಿಸೋ ಮೇಜಿನ ಹತ್ರಾನೇ ಇದ್ದೆ. ಅಲ್ಲಿಂದ ದೀಪ ಕಾಣ್ತಿತ್ತು, ಉರೀತಿತ್ತು. ಇವಳಿಗೂ ಕಾಣ್ತಿತ್ತು. ನೋಡ್ಕೊಂಡೇ ಒತ್ತಿದಳು," ಅಂದಿದ್ದಳು.

ಹತ್ತು ದಿನ ಒಳಗಿದ್ದ ಹುಡುಗಿಗೆ ನಿನ್ನೆ ಜಾಮೀನು ಸಿಕ್ಕಿತ್ತು. ಬೆಳಗ್ಗೆ ಕರೆದುಕೊಂಡು ಹೋಗಲು ಬಂದವಳು ಅದೇ ತಾಯಿ. "ಏನೇ ಮಾಡಿದ್ರೂ ನನ್ನ ಹೊಟ್ಟೇಲಿ ಹುಟ್ಟಿದ್ದು ತಾಯಿ, ಎಲ್ಲಿಗೆ ಬಿಸಾಕಲಿ?" ಅಂತ ಇನ್ಸ್‌ಪೆಕ್ಟರಿಗೆ ಅಂದಾಗ ಠಾಣೆಯಲ್ಲಿ ಎಲ್ಲರ ಕಣ್ಣೂ ತೇವವಾಗಿತ್ತು.

"ಮಾವ, ದೀಪ ಉರೀತಿತ್ತು ಅನ್ನೋದೂ ನಿಜ, ಪರದೆ ಹಸಿರಿತ್ತು ಅನ್ನೋದೂ ನಿಜ. ಎರಡೂ ಹೇಗೆ ಸಾಧ್ಯ?"

ಮಾವ ಪ್ಯಾನಲ್ ಒಳಗಿನ ಎರಡು ಪೆಟ್ಟಿಗೆ ತೋರಿಸಿದರು. ನಲವತ್ತು ವರ್ಷ ಇಂಥ ಪ್ಯಾನಲ್‌ಗಳಿಗೆ ವೈರು ಹಾಕಿ ಹಾಕಿ ಅವರ ಬೆರಳ ತುದಿಗಳು ಒರಟಾಗಿದ್ದವು. ಯಂತ್ರಗಳ ಗದ್ದಲಕ್ಕೆ ಬಲಗಿವಿ ಹೋಗಿತ್ತು.

"ಇವೆರಡೂ ಪವರ್ ಸಪ್ಲೈ, ಎರಡೂ ಇಪ್ಪತ್ನಾಲ್ಕು ವೋಲ್ಟು. ಮೇಲಿನದು ಕಂಟ್ರೋಲರಿಗೆ. ಅದೇ ಈ ಯಂತ್ರದ ಮೆದುಳು. ಕೆಳಗಿನದು ಚಾಪೆಗೆ, ದೀಪಕ್ಕೆ. ಚಾಪೆ ತುಳಿದರೆ ಕೆಳಗಿನ ಸಪ್ಲೈಯಿಂದ ಕರೆಂಟು ಹೊರಡುತ್ತೆ. ಒಂದು ಕವಲು ದೀಪಕ್ಕೆ ಹೋಗಿ ತನ್ನ ಮೈನಸ್‌ಗೆ ವಾಪಸ್ ಬರುತ್ತೆ, ಅದರಿಂದ ದೀಪ ಹತ್ತುತ್ತೆ. ಇನ್ನೊಂದು ಕವಲು ಕಂಟ್ರೋಲರಿನ ಇನ್‌ಪುಟ್‌ಗೆ ಹೋಗಿ, ಒಳಗೆ ಯಾರೋ ಇದ್ದಾರೆ ಅಂತ ಹೇಳಿ, ಅಲ್ಲಿನ ಮೈನಸ್‌ನಲ್ಲಿ ಇಳಿಯುತ್ತೆ. ಇಳಿದ ಮೇಲೆ ತನ್ನ ಮನೆಗೆ ವಾಪಸ್ ಬರಬೇಡವೇ? ಅದು ಬರೋ ಸೇತುವೆ ಈ ನೀಲಿ ವೈರು."

"ಇದನ್ನ ತೆಗೆದರೆ?"

"ವಾಪಸ್ ಬರೋ ದಾರಿ ಇಲ್ಲ ಅಂದ್ರೆ ಕರೆಂಟು ಹೊರಡೋದೇ ಇಲ್ಲ. ದೀಪಕ್ಕೆ ಅದರ ದಾರಿ ಇದೆ, ಹಾಯಾಗಿ ಉರಿಯುತ್ತೆ. ಕಂಟ್ರೋಲರ್ ಮಾತ್ರ ಕುರುಡು. ಮೈನಸ್ ಅಂದ್ರೆ ಸೊನ್ನೆ ವೋಲ್ಟು. ಇವನ ಸೊನ್ನೆ ಬೇರೆ, ಅವನ ಸೊನ್ನೆ ಬೇರೆ. ಅವನು ಇಪ್ಪತ್ನಾಲ್ಕು ಅಂತ ಕೂಗಿದರೂ ಇವನಿಗೆ ಕೇಳಿಸಲ್ಲ." ಮಾವ ನಕ್ಕರು. "ಗಂಡ ಹೆಂಡತಿ ಇದ್ದ ಹಾಗೆ ಪುಟ್ಟಿ. ಪ್ಲಸ್‌ಗಳು ಬೇರೆ ಬೇರೆ ಇದ್ದರೇ ಚೆಂದ. ಮೈನಸ್‌ಗಳು ಮಾತ್ರ ಒಂದಾಗಿರಬೇಕು."

ಅವಳಿಗೆ ನಗು ಬರಲಿಲ್ಲ. ಒಳಗೆ ನಿಂತವನು ಕೆಂಪು ದೀಪ ನೋಡಿ ತಾನು ಕ್ಷೇಮ ಅಂದುಕೊಂಡಿರಬೇಕು. ಹೊರಗೆ ಕೂತವಳು ಹಸಿರು ಪರದೆ ನೋಡಿ ಯಾರೂ ಇಲ್ಲ ಅಂದುಕೊಂಡಿರಬೇಕು. ಇಬ್ಬರ ಕಣ್ಣೂ ಸುಳ್ಳು ಹೇಳಿರಲಿಲ್ಲ.

"ಮಾಡಿ ನೋಡೋಣ. ನಾನು ಒಳಗೆ ಹೋಗಿ ನಿಲ್ತೀನಿ."

"ಒಂದು ಬಟ್ಟೆ ಮೂಟೆ ಇಟ್ಟರೂ ನಡೆಯುತ್ತೆ."

"ಅವನಿಗೆ ಅಲ್ಲಿಂದ ಏನು ಕಾಣ್ತಿತ್ತು, ಏನು ಕಾಣ್ತಿರಲಿಲ್ಲ, ಅದು ನನಗೆ ಗೊತ್ತಾಗಬೇಕು."

ತೊಟ್ಟಿಲಿನ ಮೋಟರಿನ ಮೇನ್ ಸ್ವಿಚ್ ಗುಂಡಿಗಳಿದ್ದ ಗಾಜಿನ ಕೋಣೆಯ ಪಕ್ಕದ ಗೋಡೆಯಲ್ಲಿತ್ತು. ಮಾವ ಅದನ್ನು ಕೆಳಗಿಳಿಸಿ, ಅಲ್ಲೇ ಮೊಳೆಗೆ ತೂಗಿದ್ದ ಕಾರ್ಖಾನೆಯ ಹಳದಿ ಬೀಗ ಹಾಕಿ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು. "ಇದು ನಿನ್ನ ಜೇಬಲ್ಲಿರೋವರೆಗೂ ತೊಟ್ಟಿಲು ಓಡಲ್ಲ. ನಾನು ವೈರು ತೆಗೀತೀನಿ. ಮೆಲ್ಲಗೆ ಇನ್ನೂರು ಎಣಿಸಿ ವಾಪಸ್ ಹಾಕ್ತೀನಿ. ನೀನೂ ಎಣಿಸ್ತಾ ಇರು."

ಓಣಿಯಲ್ಲಿ ಎಂಟು ಹೆಜ್ಜೆ ಒಳಗೆ ಹೋಗಿ ನಿಂತಳು.

ಎರಡೂ ಕಡೆ ಒಣಗಿಸುವ ಯಂತ್ರಗಳ ಉಕ್ಕಿನ ಹೊಟ್ಟೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನುಷ್ಯಾಕಾರ ಅರ್ಧ ಅಳಿಸಿತ್ತು. ಅದನ್ನು ತುಳಿಯದ ಹಾಗೆ ಕಾಲು ಸರಿಸಿಕೊಂಡಳು. ಎದೆಮಟ್ಟದಲ್ಲಿ, ಓಣಿಯ ಆ ತುದಿಯಲ್ಲಿ, ತೊಟ್ಟಿಲು ಬಾಯಿ ತೆರೆದು ನಿಂತಿತ್ತು.

ಗೋಡೆಯ ಮೇಲೆ ಕೆಂಪು ದೀಪ. ಕತ್ತು ತಿರುಗಿಸಿದರೆ ಓಣಿಯಾಚೆಯ ಗಾಜಿನ ಕೋಣೆಯಲ್ಲಿ ಪರದೆಯ ಅಕ್ಷರ ಓದಲಾಗದಿದ್ದರೂ ಬಣ್ಣ ಕಾಣುತ್ತಿತ್ತು. ಅದೂ ಕೆಂಪಾಗಿತ್ತು. ನೋಡುತ್ತಿದ್ದಂತೆಯೇ ಹಸಿರಾಯಿತು.

ಮಾವ ವೈರು ತೆಗೆದಿದ್ದರು.

ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ಒಂದು, ಎರಡು, ಮೂರು... ಹುಡುಗಿ ನಿಜ ಹೇಳಿದ್ದಳು. ಪಾಪ, ಹತ್ತು ದಿನ.

ಅರವತ್ತೆರಡು ಅನ್ನುವಾಗ ಕಾಲ ಕೆಳಗೆ ಚಾಪೆ ನಡುಗಿತು.

ಗುಂಯ್ ಅಂತ ಸದ್ದು. ತೊಟ್ಟಿಲಿನ ಮೋಟರಿಗೆ ಜೀವ ಬಂದ ಸದ್ದು ಅದು. ಅವಳು ಜೇಬು ಮುಟ್ಟಿಕೊಂಡಳು. ಕೀಲಿ ಅಲ್ಲೇ ಇತ್ತು.

"ಅಲ್ಲೇ ನಿಂತ್ಕೊಳ್ಳಿ ಮೇಡಂ."

ಗಾಜಿನ ಕೋಣೆಯಲ್ಲಿ, ತೆರೆದ ಬಾಗಿಲ ಪಕ್ಕ, ಒಬ್ಬ ನಿಂತಿದ್ದ. ಕಾರ್ಖಾನೆಯ ಎಲೆಕ್ಟ್ರಿಷಿಯನ್. ಮರುದಿನ ತಜ್ಞರ ಮುಂದೆ ಚಾಪೆ ತುಳಿದು, "ನೋಡಿ ಸಾರ್, ಎಲ್ಲಾ ಸರಿಯಿದೆ" ಅಂತ ತೋರಿಸಿದವನು ಇವನೇ. ಅವನ ಎಡಗೈಯಲ್ಲಿ ಹಳದಿ ಬೀಗ ಬಾಯಿ ತೆರೆದು ತೂಗುತ್ತಿತ್ತು. ಬಲಗೈ ಹೆಬ್ಬೆರಳು ಹಸಿರು ಗುಂಡಿಯ ಮೇಲಿತ್ತು.

"ಈ ಬೀಗಕ್ಕೆ ಎರಡು ಕೀ ಮೇಡಂ. ಒಂದು ನನ್ನ ಹತ್ರ ಇರುತ್ತೆ. ನಿಮಗೆ ಯಾರೂ ಹೇಳಲಿಲ್ವಾ?"

ಎಂಟು ಹೆಜ್ಜೆ. ಈ ಓಣಿಯನ್ನು ದಾಟಲು ತೊಟ್ಟಿಲಿಗೆ ಮೂರು ಸೆಕೆಂಡು ಸಾಕು ಅಂತ ಅವಳೇ ವರದಿಯಲ್ಲಿ ಬರೆದಿದ್ದಳು. ಮಾವನನ್ನು ಕೂಗಿದರೆ ಗೋಡೆಯಾಚೆ ಕೇಳಿಸುವುದಿಲ್ಲ. ಕೂಗಿದ ಸದ್ದಿಗೆ ಇವನು ಬೆಚ್ಚಿಬಿದ್ದರೆ? ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಎಪ್ಪತ್ತು. ಎಪ್ಪತ್ತೊಂದು. ಇನ್ನೂರರವರೆಗೆ ಮಾತಾಡಬೇಕು. ಏನಾದರೂ ಮಾತು.

"ಊಟ ಆಯ್ತಾ?" ಅಂದಳು. ಅಂದ ಮೇಲೆ ತನಗೇ ವಿಚಿತ್ರ ಅನ್ನಿಸಿತು.

ಅವನು ಕಣ್ಣರಳಿಸಿದ. "ಏನು?"

"ಹನ್ನೊಂದು ದಿನದಲ್ಲಿ ಅರ್ಧ ಇಳಿದುಹೋಗಿದ್ದೀರಿ. ಶರ್ಟು ದೊಗಳೆ ಆಗಿದೆ. ನಿದ್ದೆನೂ ಇಲ್ಲ ಅನ್ಸುತ್ತೆ."

"ನಿದ್ದೆ..." ಅವನು ಬಾಯಿ ಒರೆಸಿಕೊಂಡ. "ಪ್ಯಾನಲ್ ಯಾಕೆ ತೆಗೆದ್ರಿ? ಎಲ್ಲಾ ಮುಗಿದಿತ್ತಲ್ಲ. ವರದಿ ಬರೆದಾಗಿತ್ತಲ್ಲ."

"ನೀವು ನೀಲಿ ವೈರು ಹಾಕಿದ್ದು ವರದೀಲಿ ಇರಲಿಲ್ಲ."

ಆಡಬಾರದಿತ್ತು. ಅವನ ಮುಖ ಬಿಳಿಚಿಕೊಂಡಿತು. ಹೆಬ್ಬೆರಳು ಗುಂಡಿಗೆ ಇನ್ನಷ್ಟು ಒತ್ತಿತು. ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮನೆಯಲ್ಲಿ ಮಗ ಬೆಳಗ್ಗೆ ಸಾಕ್ಸ್ ಹುಡುಕುತ್ತಿದ್ದದ್ದು, ತಾನು ರೇಗಿದ್ದು ನೆನಪಾಯಿತು.

ಏನೂ ಆಗಲಿಲ್ಲ. ಕಣ್ಣು ಬಿಟ್ಟಳು. ನೂರ ಹತ್ತೋ, ನೂರ ಇಪ್ಪತ್ತೋ? ಲೆಕ್ಕ ತಪ್ಪಿತ್ತು.

"ಹಾಕಿದ್ದು ನಾನೇ," ಅಂದ ಅವನು. "ತೆಗೆದದ್ದು ನಾನಲ್ಲ. ಯಾರು ನಂಬ್ತಾರೆ ಹೇಳಿ? ಪ್ಯಾನಲ್ ನನ್ನ ಜವಾಬ್ದಾರಿ. ಅದರ ಕೀ ಬಾಯ್ಲರ್ ಕೋಣೆ ಮೊಳೆಗೆ ನೇತಾಡ್ತಿರುತ್ತೆ, ಯಾರು ಬೇಕಾದ್ರೂ ತಗೋಬಹುದು. ಆದ್ರೆ ವೈರು ಇಲ್ಲ ಅಂದಾಗ ಎಲ್ಲರೂ ಬೆರಳು ಮಾಡೋದು ನನ್ನ ಕಡೆಗೇ. ಮಗಳು ಹುಟ್ಟಿ ಮೂರು ವಾರ ಆಗಿತ್ತು ಮೇಡಂ."

"ಅದಕ್ಕೆ ಇನ್ನೊಬ್ಬರ ಮಗಳನ್ನ ಜೈಲಿಗೆ ಕಳಿಸಿದ್ರಿ."

ಅವನು ಗಾಜಿನ ಮೇಲೆ ಹಣೆ ಇಟ್ಟ. ಹೆಬ್ಬೆರಳು ಮಾತ್ರ ಕದಲಲಿಲ್ಲ.

"ನಾನು ಆ ಹುಡುಗೀನ ಬಿಡಿಸ್ತೀನಿ. ನಿಮ್ಮನ್ನ ಕೊಲೆಗಾರ ಅಂತ ಬರೆಯಲ್ಲ," ಅಂದಳು. "ಆದರೆ ಈಗ ಆ ಗುಂಡಿ ಒತ್ತಿದರೆ ಬೇರೆ ಏನೂ ಬರೆಯೋಕೆ ಆಗಲ್ಲ."

"ಒತ್ತೋಕೆ ಬಂದೆನೋ, ಹೇಳೋಕೆ ಬಂದೆನೋ ನನಗೇ ಗೊತ್ತಿಲ್ಲ. ಕಾವಲುಗಾರ ಫೋನ್ ಮಾಡಿ, ನೀವು ಪ್ಯಾನಲ್ ತೆಗೆದಿದ್ದೀರಿ ಅಂದ. ಓಡಿ ಬಂದೆ. ಬೀಗ ತೆಗೆದಾಗ ತಲೇಲಿ ಏನಿತ್ತು ಅಂತ ಕೇಳಬೇಡಿ."

ಅವನ ಭುಜ ಕುಸಿಯಿತು. ಮುಂದಕ್ಕೆ ವಾಲಿದ. ಇಡೀ ಮೈಭಾರ ಹೆಬ್ಬೆರಳಿನ ಮೇಲೆ ಬೀಳುತ್ತಿರುವುದು ಅವಳಿಗೆ ಕಾಣಿಸಿತು.

ಆಗ ಗಾಜು ಕೆಂಪಾಯಿತು.

ಪರದೆ ಕೆಂಪಾಗಿತ್ತು. ಅವನ ಮುಖ, ಅಂಗಿ, ಕೈ ಎಲ್ಲವೂ ಆ ಬೆಳಕಿನಲ್ಲಿ ಮುಳುಗಿದವು. ಗುಂಡಿ ಟಕ್ ಅಂತ ಒಳಗೆ ಹೋದ ಸದ್ದು ಕೇಳಿಸಿತು. ತೊಟ್ಟಿಲು ಅಲುಗಲಿಲ್ಲ. ಗೋಡೆಯಾಚೆ, ಒಂದು ಕಿವಿ ಕೇಳದ ಮುದುಕನೊಬ್ಬ ಇನ್ನೂರು ಎಣಿಸಿ ಮುಗಿಸಿದ್ದ.

ಎಂಟು ಹೆಜ್ಜೆಯನ್ನು ಹೇಗೆ ದಾಟಿದಳೋ ಗೊತ್ತಿಲ್ಲ. ಹೊರಬಂದು ಮೊದಲು ಮೇನ್ ಸ್ವಿಚ್ ಇಳಿಸಿದಳು. ಆಮೇಲೆ ಗೋಡೆಗೆ ಒರಗಿ ನಿಂತಳು.

ಎಲೆಕ್ಟ್ರಿಷಿಯನ್ ನೆಲದ ಮೇಲೆ ಕೂತು ಅಳುತ್ತಿದ್ದ. "ಬೇಕು ಅಂತ ಒತ್ತಲಿಲ್ಲ. ನಿಜವಾಗ್ಲೂ."

"ಏನಯ್ಯಾ ಇದು?" ಮಾವ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತೆರೆದ ಬೀಗ ನೋಡಿದರು, ಸೋದರಸೊಸೆಯ ಮುಖ ನೋಡಿದರು. ಬೇರೆ ವಿವರ ಬೇಕಾಗಲಿಲ್ಲ. ಬೀಗ ಎತ್ತಿಕೊಂಡು, ಸ್ವಿಚ್ಚಿಗೆ ಸಿಕ್ಕಿಸಿ, ಅವನ ಸೊಂಟದಿಂದ ಎರಡನೇ ಕೀಲಿ ಕಿತ್ತುಕೊಂಡರು. "ಮಗು ಚಿವುಟಿ ತೊಟ್ಟಿಲು ತೂಗೋನು," ಅಂತ ಗೊಣಗಿದರು.

ಇನ್ಸ್‌ಪೆಕ್ಟರ್ ಅವನೆದುರು ಕುಕ್ಕರಗಾಲಲ್ಲಿ ಕೂತಳು. "ತೆಗೆದದ್ದು ನೀವಲ್ಲ. ಹಾಗಾದರೆ ವೈರು ನಿಮಗೆ ಎಲ್ಲಿ ಸಿಕ್ತು?"

"ಅವನ ಜೇಬಲ್ಲಿ."

"ಯಾರ?"

"ಸತ್ತವನ. ಮೊದಲು ಹತ್ರ ಹೋದವನು ನಾನೇ. ಎತ್ತೋಕೆ ಹೋದಾಗ ಅಂಗಿ ಜೇಬಿಂದ ನೀಲಿ ತುದಿ ಇಣುಕ್ತಿತ್ತು. ಮಡಿಸಿ ಇಟ್ಟಿದ್ದ. ನಾನೇ ಹಾಕಿದ ವೈರು, ಗುರುತು ಸಿಗಲ್ವಾ? ತಗೊಂಡು ಓಡಿದೆ. ಪೊಲೀಸರು ಬರೋ ಮುಂಚೆ ಹಾಕಿಬಿಟ್ಟೆ."

ಮಾವ ಮತ್ತು ಅವಳು ಮುಖ ಮುಖ ನೋಡಿಕೊಂಡರು.

"ಫಿಟ್ಟರೇ ತೆಗೆದಿದ್ದನಾ?"

"ತೆಗೆದನೋ, ಯಾರೋ ತೆಗೆದು ಬಿಸಾಕಿದ್ದು ಸಿಕ್ಕಿ ವಾಪಸ್ ಹಾಕೋಕೆ ಹೊರಟಿದ್ದನೋ, ಆ ದೇವರಿಗೇ ಗೊತ್ತು."

"ವೈರು ಇಲ್ಲ ಅಂತ ಅವನಿಗೆ ಗೊತ್ತಿತ್ತು." ಅವಳು ಒಂದೊಂದೇ ಪದ ಆಡಿದಳು. "ಗೊತ್ತಿದ್ದವನು ಆ ಓಣಿಗೆ ಕಾಲಿಡ್ತಾನಾ?"

"ಇಡಲಿಲ್ಲ ಮೇಡಂ, ಓಡಿದ. ಬಾಯ್ಲರ್ ಕೋಣೆ ಮೆಟ್ಟಿಲಿಂದ ನಾನು ನೋಡ್ತಿದ್ದೆ. ಅಲ್ಲಿಂದ ದೀಪ ಕಾಣುತ್ತೆ, ಓಣಿ ಒಳಗೆ ಯಾರಿದ್ದಾರೆ ಅಂತ ಕಾಣಲ್ಲ. 'ಅಮ್ಮಾ' ಅಂತ ಕೂಗಿದ. ಅಷ್ಟೇ."

"ನೋವಾದಾಗ ಎಲ್ಲರೂ ಅಮ್ಮಾ ಅಂತಾನೇ ಕೂಗೋದು," ಅಂದರು ಮಾವ.

ಎಲೆಕ್ಟ್ರಿಷಿಯನ್ ತಲೆಯಾಡಿಸಿದ. "ನಾನೂ ಅದನ್ನೇ ಅಂದ್ಕೊಂಡು ಸಮಾಧಾನ ಮಾಡ್ಕೊಳ್ತಿದ್ದೆ. ಆದ್ರೆ ಅವನು ಕೂಗಿದ್ದು ಓಡೋವಾಗ. ಓಣಿಯಿಂದ ಇನ್ನೂ ಹತ್ತು ಮಾರು ಆಚೆ ಇದ್ದ. ತೊಟ್ಟಿಲು ಆಮೇಲೆ ಹೊರಟಿದ್ದು."

"ಆಗ ದೀಪ?" ಅವಳು ಅವನ ಕಡೆ ಇನ್ನಷ್ಟು ಬಗ್ಗಿದಳು. "ಅವನು ಕಾಲಿಡೋ ಮುಂಚೆ ದೀಪ ಹೇಗಿತ್ತು?"

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ಉರೀತಿತ್ತು."

ಚಾಪೆಯ ಮೇಲೆ ಆಗಲೇ ಯಾರೋ ಇದ್ದರು. ಮಗ ಯಾರನ್ನು ನೋಡಿ ಅಮ್ಮಾ ಅಂದನೋ ಅವರು. ಮಗ ಒಳಗೆ ಹೋದ ಮೇಲೆ ಆ ತುದಿಯಿಂದ ಹೊರಬಂದು, ಮಡಿಸುವ ಮೇಜಿನ ಮುಂದೆ ನಿಂತು, ಬಂದ ಪೊಲೀಸರಿಗೆ 'ನಾನು ಇಲ್ಲೇ ಇದ್ದೆ' ಅಂದವರು. ವೈರು ತೆಗೆದ ಕೈಯೂ ಅವರದೇ ಇರಬೇಕು.

ಬೆಳಗ್ಗೆ ಆಟೋ ಹತ್ತುವಾಗ ಹುಡುಗಿ ಒಂದು ಸಲ ಹಿಂದಿರುಗಿ ಠಾಣೆಯ ಕಡೆ ನೋಡಿದ್ದಳು. ಇನ್ಸ್‌ಪೆಕ್ಟರ್ ಅವಳನ್ನು ಆ ತಾಯಿಯ ಜೊತೆ ಕೈ ಬೀಸಿ ಕಳಿಸಿದ್ದಳು.

ಫೋನು ತೆಗೆದಳು. ಹುಡುಗಿಯ ನಂಬರು. ಆರು ಸಲ ರಿಂಗಾಯಿತು. ಏಳನೆಯದಕ್ಕೆ ಎತ್ತಿದರು.

"ಹೇಳಿ ತಾಯಿ." ಮಗಳ ಫೋನಿನಲ್ಲಿ ತಾಯಿಯ ದನಿ. ಒಗೆದ ಬಟ್ಟೆಯಷ್ಟು ಶುಭ್ರವಾದ, ನಿಧಾನದ ದನಿ.

"ಮಗಳಿಗೆ ಕೊಡಿ. ಒಂದು ಸಹಿ ಬಿಟ್ಟುಹೋಗಿದೆ."

"ಮಲಗಿದಾಳೆ. ಹತ್ತು ದಿನದ ನಿದ್ದೆ ಅಲ್ವಾ? ಹಾಲು ಕುಡಿಸಿ ಮಲಗಿಸಿದೀನಿ. ಇನ್ನು ಎಬ್ಬಿಸೋದು ಬೇಡ."

ಆ ಮಾತಿನ ಹಿಂದೆ, ಮನೆಯೊಳಗೆಲ್ಲೋ, ಧಬ್ ಅಂತ ಒಂದು ಸದ್ದಾಯಿತು. ಮತ್ತೆ ಇನ್ನೊಂದು. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ, ಶಕ್ತಿ ಇಲ್ಲದ ಕೈಯಲ್ಲಿ, ಬಡಿಯುವ ಸದ್ದು.

"ಅದೇನದು ಸದ್ದು?"

"ಯಾವ ಸದ್ದು ತಾಯಿ?" ಅಂದಳು ಆಕೆ. ಫೋನು ಕಟ್ಟಾಯಿತು.